ಮೂರಕ್ಕೋ ಐದಕ್ಕೋ ಹೇಳ್ರಿ

ನಾನು ಕುರುಡಿ ಅಲ್ಲ, ಎಂದೂ ಆಗಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಹೋದ ವರ್ಷ ಬೆಳಗಾವಿಯಲ್ಲಿ ನಾನು ಮಾಡಬೇಕಿದ್ದ ಭಾಷಣದ ಮೊದಲ ಸಾಲು ಹೀಗಿತ್ತು: "ಇಷ್ಟು ದಿನ ನಾನು ಕುರುಡಿಯಾಗಿದ್ದೆ, ಅಕ್ಷರ ನನಗೆ ಕಣ್ಣು ಕೊಟ್ಟಿತು." ಅದನ್ನು ಬರೆದವಳು ನಾನಲ್ಲ. ನಮಗೆ ಓದು ಬರಹ ಕಲಿಸುವ ಅಕ್ಕಾರು ಬರೆದುಕೊಟ್ಟಿದ್ದರು. ಮೊಮ್ಮಗಳ ವಯಸ್ಸಿನ ಹುಡುಗಿ, ಆದರೂ ಕಲಿಸುವವರು ಅಕ್ಕಾರೇ. ಈಗ ನಾನು ಬರೆಯುತ್ತಿರುವುದರಲ್ಲಿ ಒತ್ತಕ್ಷರ ತಪ್ಪಿದ್ದರೆ ಅವರು ತಿದ್ದುತ್ತಾರೆ. ಮಾತು ತಿದ್ದಬೇಡಿ ಎಂದು ಹೇಳಿದ್ದೇನೆ.

ಖಾನಾಪುರದ ನಮ್ಮ ಓಣಿಯ ಸಮುದಾಯ ಭವನದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿ ಶುರುವಾದಾಗ ಹದಿನೆಂಟು ಹೆಂಗಸರು ಹೆಸರು ಹಚ್ಚಿದೆವು. ಹೊತ್ತು, ಸಂಜೆ ಐದು ಗಂಟೆ. ಇದನ್ನು ಗೊತ್ತು ಮಾಡಿದವರು ಯಾರೋ, ಅವರ ಮನೆಯಲ್ಲಿ ಎಮ್ಮೆ ಇಲ್ಲ ಎಂದು ಅವತ್ತೇ ತಿಳಿಯಿತು. ಐದಕ್ಕೆ ಕೆಚ್ಚಲು ತೊಳೆದು ಹಿಂಡಲು ಕೂಡಬೇಕು. ಆರಕ್ಕೆ ಹಾಲು ಡೇರಿಗೆ ಮುಟ್ಟಬೇಕು. ತಡವಾದರೆ ಡೇರಿಯವನು ಕ್ಯಾನಿನ ಬಾಯಿ ಮುಚ್ಚಿ ಕೈ ಅಲ್ಲಾಡಿಸುತ್ತಾನೆ. ಎರಡು ತಿಂಗಳೊಳಗೆ ಹದಿನೆಂಟು ಮಂದಿ ಏಳಾದೆವು. ನಾನು ಉಳಿದದ್ದು ಬುದ್ಧಿವಂತಿಕೆಯಿಂದಲ್ಲ. ನನ್ನ ಮನೆಯಲ್ಲಿ ಬೆಳಿಗ್ಗೆ ನಾನು ಹಿಂಡಿದರೆ ಸಂಜೆ ಸೊಸೆ ಹಿಂಡುತ್ತಾಳೆ, ಅಷ್ಟೇ.

ಪಕ್ಕದ ಮನೆಯಲ್ಲಿರುವ ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಸೊಸೆ ಇಲ್ಲ. ಎಮ್ಮೆ ಮೂರು. ಅವಳು ನನಗಿಂತ ಚುರುಕು. ನನ್ನ ಅಕ್ಷರಗಳು ಕುಂಟುತ್ತಿದ್ದಾಗ ಅವಳವು ಹೋಳಿಗೆಯಂತೆ ದುಂಡಗೆ ಬೀಳುತ್ತಿದ್ದವು. ಹನ್ನೊಂದನೆಯ ಪಾಠಕ್ಕೆ ಬಿಟ್ಟಳು. ಬರೆಯುವ ಪಾಟಿಯನ್ನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿ, "ಇನ್ನ ಇದನ್ನ ಎಮ್ಮಿ ಓದಲಿ" ಎಂದಳು.

ಹತ್ತು ಮಂದಿಗಿಂತ ಕಡಿಮೆ ಬಂದರೆ ತರಗತಿ ಮುಚ್ಚುತ್ತಾರೆ, ಮುಂದಿನ ಪಾಠಗಳ ಎರಡನೆಯ ಪುಸ್ತಕ ಕೊಡುವುದಿಲ್ಲ ಎಂದು ಅಕ್ಕಾರಿಗೆ ಮೇಲಿನವರು ಹೇಳಿದ್ದರಂತೆ. ಅದಕ್ಕೆ ಅಕ್ಕಾರು ದಿನಾ ಹದಿನೆಂಟೂ ಹೆಸರಿನ ಮುಂದೆ ಹಾಜರಿ ಹಾಕುತ್ತಿದ್ದರು. ನನಗೆ ಓದಲು ಬರತೊಡಗಿದ ಮೇಲೆ ಮೊದಲು ಕಣ್ಣಿಗೆ ಬಿದ್ದ ಸುಳ್ಳು ಅದು.

"ಬರದವರನ್ನ ಬಂದಾರ ಅಂತ ಬರದ್ರ, ಅವರು ಯಾಕ ಬರವಲ್ರು ಅಂತ ಮ್ಯಾಲಿನವರಿಗೆ ಹೆಂಗ ತಿಳೀತೈತಿ ಅಕ್ಕಾರ?" ಎಂದು ಕೇಳಿದೆ.

"ತಿಳದ್ರ ಬಂದ್ ಮಾಡ್ತಾರ್ರಿ ಆಯಿ. ತಿಳೀದಿದ್ರ ನಡೀತೈತಿ."

ಹೀಗೆ ನಡೆಯುತ್ತಿರುವಾಗ ಬೆಳಗಾವಿಯಿಂದ ಕಾಗದ ಬಂತು. ಜಿಲ್ಲೆಯ ಕಲಿಕೆಯವರ ಸಮಾರಂಭ, ತಾಲೂಕಿಗೆ ಒಬ್ಬರು ವೇದಿಕೆ ಹತ್ತಿ ನಾಲ್ಕು ನಿಮಿಷ ಮಾತಾಡಬೇಕು. ಬಾಯಿ ದೊಡ್ಡದು ಎಂದು ನನ್ನನ್ನು ಆರಿಸಿದರು. ಮಾತಾಡು ಎಂದವರೇ ಮಾತನ್ನೂ ಬರೆದು ಕೈಗಿಟ್ಟರು. ಒಂದು ಪುಟ. ಮೊದಲು ಕುರುಡಿ, ಆಮೇಲೆ ಮೇಲಿನವರೆಲ್ಲರಿಗೂ ಧನ್ಯವಾದ, ಕೊನೆಗೆ ನಮ್ಮ ಓಣಿಯ ಹದಿನೆಂಟು ಹೆಂಗಸರೂ ಕಲಿತು ಪಾರಾದ ಕಥೆ.

"ಇದನ್ನ ಯಾಕ ಓದಬೇಕು? ನನಗ ಮಾತಾಡಾಕ ಬರ್ತೈತಿ."

"ಓದಿದ್ರನ ನಿಮಗ ಓದಾಕ ಬಂದೈತಿ ಅಂತ ಮಂದಿಗೆ ಗೊತ್ತಾಗೂದ್ರಿ ಆಯಿ," ಎಂದರು ಅಕ್ಕಾರು. ಅದೂ ಖರೇ ಅನ್ನಿಸಿತು. ಕಾಗದ ಮಡಚಿಕೊಂಡು ಬಂದೆ.

ನೆಗೆಣ್ಣಿಯ ಕೊಟ್ಟಿಗೆಗೆ ಹೋಗಿ ಓದಿ ತೋರಿಸಿದೆ. ಅವಳು ಸಗಣಿ ಬಾಚುತ್ತಿದ್ದಳು. ಅರ್ಧಕ್ಕೆ ಕೈ ನಿಲ್ಲಿಸಿದಳು.

"ಯಕ್ಕಾ, ಯಾರು ಸತ್ತಾರ?"

"ಯಾರೂ ಸತ್ತಿಲ್ಲ. ಭಾಷಣ ಇದು."

"ಮತ್ತ ಹಂಗ್ಯಾಕ ರಾಗ ಎಳೀತಿ? ನಿನ್ನ ಮಾರಿ ಕಾಣವಲ್ದು, ಬರೇ ಕಾಗದ ಕಾಣತೈತಿ. ಮತ್ತ ಆ ಹದಿನೆಂಟರಾಗ ನಾನೂ ಅದೀನೇನು?"

"ಅದೀ."

"ಹಂಗಾರ ಹನ್ನೆರಡನೇ ಪಾಠ ಯಾವಾಗ ಕಲತ್ನಿ ಅಂತ ನನಗೂ ಹೇಳು," ಎಂದು ಮತ್ತೆ ಬಾಚತೊಡಗಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ. ಅವಳು ಕಲಿಯದೆ ಉಳಿದದ್ದನ್ನು ಕಲಿತಳೆಂದು ನನ್ನ ಬಾಯಿಂದಲೇ ಹೇಳಿಸಲು ಹೊರಟಿದ್ದರಲ್ಲ, ಅದಕ್ಕೆ. ನಾನು ಆ ಕಾಗದ ಓದಿದರೆ ತರಗತಿ ಐದಕ್ಕೇ ಉಳಿಯುತ್ತದೆ, ಇವಳ ಪಾಟಿ ಗೂಟದಲ್ಲೇ ಉಳಿಯುತ್ತದೆ. ಖರೇ ಹೇಳಿದರೆ ತರಗತಿಯೇ ಮುಚ್ಚಬಹುದು, ಆ ಹುಡುಗಿಯ ಕೆಲಸವೂ ಹೋಗಬಹುದು. ಎರಡು ದಿನ ಯೋಚನೆ ಮಾಡಿದೆ. ಆಮೇಲೆ ಸೆರಗಿಗೆ ಗಂಟು ಹಾಕಿದೆ.

ಸಂತೆಗೆ ಹೋಗುವಾಗ ತರಬೇಕಾದ ಒಂದೊಂದು ಸಾಮಾನಿಗೆ ಒಂದೊಂದು ಗಂಟು ಹಾಕಿಕೊಳ್ಳುವುದು ನನ್ನ ಹಳೆಯ ರೂಢಿ. ಭಾಷಣಕ್ಕೂ ಹಾಗೇ ಮಾಡಿದೆ. ಒಂದು, ಅಕ್ಕಾರು ಚೆನ್ನಾಗಿ ಕಲಿಸುತ್ತಾರೆ. ಎರಡು, ಈಗ ಡೇರಿಯ ಚೀಟಿಯಲ್ಲಿ ಹಾಲಿನ ಫ್ಯಾಟು ನಾನೇ ಓದುತ್ತೇನೆ. ಮೂರು, ಬರುವವರು ಏಳೇ ಮಂದಿ, ಯಾಕೆಂದರೆ ಎಮ್ಮೆ. ನಾಲ್ಕು, ಮೂರು ಗಂಟೆಗೆ ಇಡಿ, ಎರಡನೆಯ ಪುಸ್ತಕ ಕೊಡಿ. ಓದು ಬಂದಿದೆ ಎಂದು ತೋರಿಸಬೇಕಲ್ಲ, ಅದಕ್ಕೆ ಕೊನೆಯ ಮಾತನ್ನು ಮಾತ್ರ ನಾನೇ ಒಂದು ಚೀಟಿಯಲ್ಲಿ ಬರೆದೆ. ಎರಡು ಸಾಲು. ನಾಲ್ಕು ಸಲ ಹರಿದು ಐದನೆಯ ಸಲ ಸರಿಯಾಯಿತು.

ಗಡಿಯಾರ ನೋಡುತ್ತಾ ಮಾತಾಡಲು ನನಗೆ ಬರುವುದಿಲ್ಲ. ಬೆಳಿಗ್ಗೆ ಹಿಂಡುವಾಗ ಮಾತಾಡಿ ನೋಡಿದೆ. ಎಮ್ಮೆಯ ಎರಡು ಮೊಲೆ ಮುಗಿಯುವ ಹೊತ್ತಿಗೆ ನಾಲ್ಕು ನಿಮಿಷ ಎಂದು ಸೊಸೆ ಫೋನು ನೋಡಿ ಹೇಳಿದಳು. ಮೊದಲ ದಿನ ಮೂರನೆಯ ಗಂಟು ಬಿಚ್ಚುವಷ್ಟರಲ್ಲಿ ನಾಲ್ಕೂ ಮೊಲೆ ಬರಿದಾದವು. ಏಳು ದಿನ ಮಾತು ಕಡಿದೆ. ನೆಗೆಣ್ಣಿ ಗೋಡೆಯ ಆಚೆ ನಿಂತು ಕೇಳುತ್ತಿದ್ದಳು. "ಕೇಳಸವಲ್ದು" ಎಂದರೆ ದನಿ ಎತ್ತುತ್ತಿದ್ದೆ. "ಒದರಬ್ಯಾಡ, ನಾ ಏನು ಕೆಪ್ಪಿ ಅಲ್ಲ" ಎಂದರೆ ಇಳಿಸುತ್ತಿದ್ದೆ.

ಸಮಾರಂಭ ಶಿವಬಸವ ನಗರದ ಒಂದು ಕಲ್ಯಾಣ ಮಂಟಪದಲ್ಲಿ. ಅಕ್ಕಾರೂ ನಾನೂ ಎಂಟರ ಬಸ್ಸು ಹಿಡಿದು ಹೋದೆವು. ದಾರಿಯುದ್ದಕ್ಕೂ ಅವರು "ಕಾಗದ ತಂದೀರಿಲ್ಲೋ" ಎಂದು ಕೇಳುತ್ತಲೇ ಇದ್ದರು. "ತಂದೇನಿ" ಎಂದೆ. ಯಾವ ಕಾಗದ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಹತ್ತಕ್ಕೆ ಶುರು ಎಂದಿದ್ದರು. ದೊಡ್ಡ ಅತಿಥಿಯ ವಿಮಾನ ಸಾಂಬ್ರಾಕ್ಕೆ ಇನ್ನೂ ಇಳಿದಿಲ್ಲ ಎಂದು ನಮ್ಮನ್ನು ಹನ್ನೆರಡರವರೆಗೆ ಕೂಡಿಸಿದರು. ಅವರು ಬಂದ ಮೇಲೆ, ಹೊತ್ತಾಯಿತು, ಕಲಿತವರು ಎರಡೆರಡೇ ನಿಮಿಷ ಮಾತಾಡಬೇಕು ಎಂದು ನಿರೂಪಕ ಹೇಳಿದ. ತಡ ಮಾಡಿದವರು ಅವರು, ಮಾತು ಕಡಿಯಬೇಕಾದವರು ನಾವು. ನಮ್ಮ ಸಮಾರಂಭವಂತೆ ಅದು.

ನಾನು ಕುರ್ಚಿಯಲ್ಲೇ ಕೂತು ಸೆರಗಿನ ಎರಡನೆಯ ಗಂಟು ಬಿಚ್ಚಿಬಿಟ್ಟೆ. ಫ್ಯಾಟು ಹೋದರೆ ಹೋಗಲಿ. ಮೊದಲನೆಯದು ಬಿಚ್ಚಲು ಮನಸ್ಸಾಗಲಿಲ್ಲ.

ನನಗಿಂತ ಮೊದಲು ಮಾತಾಡಿದ ಮೂವರೂ ಕಾಗದ ಓದಿದರು. ಮೂವರೂ ಕುರುಡಿಯರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದ ಒಬ್ಬ ಮುದುಕಿಯನ್ನು ನೋಡಿದೆ. ಅವಳಿಗೆ ಕೇಳಿಸಬೇಕು ಎಂದುಕೊಂಡು ಶುರು ಮಾಡಿದೆ.

"ನಾ ಖಾನಾಪುರದಾಕಿ. ನಮ್ಮ ಅಕ್ಕಾರು ಭಾಳ ಚಲೋ ಕಲಸ್ತಾರ, ಅದರಾಗ ಕಡಿಮಿ ಏನಿಲ್ಲ. ಹೆಸರು ಹಚ್ಚಿದವರು ಹದಿನೆಂಟು ಮಂದಿ. ಬರಾವ್ರು ಏಳು. ಉಳದವರಿಗೆ ಮನಸಿಲ್ಲ ಅಂತ ತಿಳೀಬ್ಯಾಡ್ರಿ. ಐದಕ್ಕ ಎಮ್ಮಿ ಹಿಂಡೂ ಹೊತ್ತು. ಎಮ್ಮಿಗೆ ತಡಕೋ ಅಂದ್ರ ತಡಕೊಳ್ಳಂಗಿಲ್ಲ. ಐದಕ್ಕ ಸಾಲಿ ಇಟ್ಟು ಹೆಂಗಸರು ಬರಂಗಿಲ್ಲ ಅಂದ್ರ ಅದು ಯಾರ ತಪ್ಪು?"

ಮುದುಕಿಗೆ ಎಚ್ಚರವಾಯಿತು. ಆಮೇಲೆ ಚೀಟಿ ತೆಗೆದು ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. "ತರಗತಿ ಮೂರು ಗಂಟೆಗೆ ಇಡಿರಿ. ಎರಡನೆಯ ಪುಸ್ತಕ ಕೊಡಿರಿ." ತಲೆ ಎತ್ತಿ, "ಇದನ್ನ ಬರದಾಕಿನೂ ನಾನ, ಓದಿದಾಕಿನೂ ನಾನ" ಎಂದೆ.

ಜನ ಚಪ್ಪಾಳೆ ಹೊಡೆದರು, ನಕ್ಕರು. ನಗುವಂಥದ್ದು ಏನಿತ್ತೋ. ತರಗತಿಗಳನ್ನು ನೋಡಿಕೊಳ್ಳುವ ಸಾಹೇಬರು ಶಾಲು ಹಿಡಿದುಕೊಂಡು ಎದ್ದು ಬಂದರು. "ಆಯಿ ಭಾಳ ಚಂದ ಮಾತಾಡಿದ್ರು" ಎಂದು ಮೈಕಿಗೆ ಕೇಳುವಂತೆ ಹೇಳಿ ಹೆಗಲಿಗೆ ಶಾಲು ಹಾಕಿದರು.

"ಚಂದ ಆತೋ ಇಲ್ಲೋ ಅಂತ ನಾ ಕೇಳಲಿಲ್ರಿ ಸಾಹೇಬ್ರ. ಮೂರಕ್ಕೋ ಐದಕ್ಕೋ ಹೇಳ್ರಿ."

"ನೋಡೂಣು, ಕುಂದರ್ರಿ ಆಯಿ."

"ಹೇಳಿದ್ರ ಕುಂದರ್ತೇನಿ."

ನಿರೂಪಕ ಮೈಕು ತೆಗೆದುಕೊಳ್ಳಲು ಕೈ ಚಾಚಿದ. ನಾನು ಎಮ್ಮೆಯ ಹಗ್ಗ ಹಿಡಿಯುವಂತೆ ಹಿಡಿದುಕೊಂಡೆ. ನಗು ನಿಂತಿತು. ಸಾಹೇಬರು ಅತಿಥಿಯ ಕಡೆ ನೋಡಿದರು, ಅತಿಥಿ ಗಡಿಯಾರ ನೋಡಿದರು.

"ಆತ್ರಿ, ಮೂರಕ್ಕ," ಎಂದರು ಸಾಹೇಬರು. "ಹಾಜರಿ ಹತ್ತರ ಮ್ಯಾಲ ಬರಬೇಕು ಮತ್ತ. ಒಂದು ತಿಂಗಳು ನೋಡ್ತೇವಿ."

ಅತಿಥಿ ಮುಕ್ಕಾಲು ಗಂಟೆ ಮಾತಾಡಿದರು. ಕಾಗದದಿಂದ ಒಮ್ಮೆಯೂ ಕಣ್ಣೆತ್ತಲಿಲ್ಲ. ಅವರ ಕಾಗದದಲ್ಲೂ ನಾವು ಕುರುಡಿಯರೇ ಆಗಿದ್ದೆವು. ಕೊನೆಯ ಸಾಲಿನ ಮುದುಕಿ ಮತ್ತೆ ಮಲಗಿದಳು.

ಬಸ್ಸಿನಲ್ಲಿ ಅಕ್ಕಾರು ದೇಸೂರು ದಾಟಿದ ಮೇಲೆ, "ಏಳ ಮಂದಿ ಅಂತ ಹೇಳಿಬಿಟ್ರಿ. ನಾಳಿ ನನ್ನ ಕರದು ಕೇಳ್ತಾರ" ಎಂದರು. ಕಣ್ಣಲ್ಲಿ ನೀರಿತ್ತು.

"ಕೇಳಲಿ. ನಾನೂ ಬರ್ತೇನಿ. ಆದ್ರ ಮೊದಲ ನಿಮಗ ಹೇಳಬೇಕಾಗಿತ್ತು, ಹೇಳಲಿಲ್ಲ. ಅದಕ್ಕ ಬೈರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರನ್ನು ಕರೆದು ಕೇಳಿದ್ದೂ ಹೌದು, ಬರಹದಲ್ಲಿ ಉತ್ತರ ಬರೆಸಿಕೊಂಡದ್ದೂ ಹೌದು. ನಾನು ಜೊತೆಗೆ ಹೋಗಿ ಆಫೀಸಿನ ಬಾಗಿಲಲ್ಲಿ ಕೂತೆ, ಒಳಗೆ ಬಿಡಲಿಲ್ಲ. ಕೆಲಸವಂತೂ ಉಳಿಯಿತು.

ತರಗತಿ ಮೂರಕ್ಕೆ ಬಂದು ಈಗ ಏಳು ತಿಂಗಳಾಯಿತು. ಹದಿಮೂರು ಮಂದಿ ಬರುತ್ತೇವೆ, ಹಾಜರಿಯೂ ಹದಿಮೂರೇ. ಎರಡನೆಯ ಪುಸ್ತಕ ಇನ್ನೂ ಬಂದಿಲ್ಲ. ಸಾಹೇಬರಿಗೆ ಎರಡು ಸಲ ಕಾಗದ ಬರೆದೆ, ಉತ್ತರವಿಲ್ಲ. ಓದು ಕಲಿಸಲು ಹೊರಟವರಿಗೆ ನಮ್ಮ ಕಾಗದ ಓದಲು ಪುರುಸೊತ್ತಿಲ್ಲ. ಶಾಲನ್ನು ಎಮ್ಮೆಯ ಕರುವಿಗೆ ಚಳಿಗೆ ಹೊದಿಸಿದ್ದೇನೆ.

ಮೊದಲ ದಿನ ಮೂರು ಗಂಟೆಗೆ ನೆಗೆಣ್ಣಿ ಪಾಟಿ ತಂದಳು. ಒರೆಸಿದರೂ ಸಗಣಿಯ ವಾಸನೆ ಹೋಗಿರಲಿಲ್ಲ. ನನ್ನ ಪಕ್ಕ ಕೂತು ಹನ್ನೆರಡನೆಯ ಪಾಠ ತೆಗೆದಳು.

"ಸರಿ ಯಕ್ಕಾ, ನಿನ್ನ ಕೈ ಅಡ್ಡ ಬರ್ತೈತಿ," ಎಂದಳು.

ಸರಿದು ಕೂತೆ.