ಬೆಂಕಿಗಂಟೆಗೆ ಸುಣ್ಣ

ಸಿಂದಗಿಯ ಆ ಜಿನ್ನಿನ, ಅಂದರೆ ಹತ್ತಿಯ ಬೀಜ ಬಿಡಿಸುವ ಗಿರಣಿಯ, ಮ್ಯಾನೇಜರನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ಇಂಡಿಯಿಂದ ಮುದ್ದೇಬಿಹಾಳದವರೆಗಿನ ಗಿರಣಿಗಳಿಗೆ ಬೆಂಕಿಗಂಟೆ ಕೂರಿಸುವ, ಆಗಾಗ ಬಂದು ತಪಾಸಣೆ ಮಾಡುವ ಇಂಜಿನಿಯರು ನಾನು. ಛಾವಣಿಗೆ ಅಂಗೈಯಗಲದ ಬಟ್ಟಲುಗಳನ್ನು ಹಾಕುತ್ತಿದ್ದೆ. ಅವುಗಳೊಳಗಿನ ಲೋಹದ ಪಟ್ಟಿ ಕಾದರೆ ಬಾಗಿ ತಂತಿಗೆ ತಗಲಬೇಕು, ಕೆಳಗೆ ಗಂಟೆ ಹೊಡೆಯಬೇಕು.

ಒಂದು ಚಳಿಗಾಲದ ಮಧ್ಯಾಹ್ನ ಆ ಜಿನ್ನಿನ ಹತ್ತಿಕೋಣೆಗೆ ಬೆಂಕಿ ಬಿತ್ತು. ಗಂಟೆ ಹೊಡೆಯಲಿಲ್ಲ. ಒಳಗೆ ಹತ್ತಿ ಆರಿಸುತ್ತಿದ್ದ ಹೆಣ್ಣುಮಗಳೊಬ್ಬಳ ಎರಡೂ ಕೈ ಸುಟ್ಟವು. ಮ್ಯಾನೇಜರ ತಪ್ಪನ್ನು ನನ್ನ ತಲೆಗೆ ಕಟ್ಟಿದ. ಇಂಜಿನಿಯರನಿಗೆ ಕೆಲಸವೇ ಗೊತ್ತಿಲ್ಲ ಎಂದು ನಮ್ಮ ಕಂಪನಿಗೆ ಪತ್ರ ಬರೆದ. ಬಾಗೇವಾಡಿ, ಝಳಕಿಯ ಗಿರಣಿಯವರ ಮುಂದೆಲ್ಲ ಹೇಳಿಕೊಂಡು ತಿರುಗಿದ, ಬಾಡ್ಯಾ! ಎಂಟು ದಿನದೊಳಗೆ ಕಾರಣ ತೋರಿಸು, ಇಲ್ಲವೇ ಮನೆಗೆ ಹೋಗು ಎಂದರು ಕಂಪನಿಯವರು.

ಹಲ್ಲು ಕಡಿಯುತ್ತಲೇ ಸಿಂದಗಿಗೆ ಬಂದೆ. ಏಣಿ ಹತ್ತಿ ಬಟ್ಟಲಿನ ಮಸಿ ಒರೆಸಿದೆ. ಮಸಿಯಡಿ ದಪ್ಪ ಸುಣ್ಣ! ಅದು ಒಳಗಿಳಿದು ಪಟ್ಟಿಯನ್ನು ಕಲ್ಲಿನಂತೆ ಹಿಡಿದುಬಿಟ್ಟಿತ್ತು.

"ಇದಕ್ಕ ಸುಣ್ಣ ಹಚ್ಚಿಸಿದವ್ರು ಯಾರ್ರಿ?"

"ದಸರಾದಾಗ ಖಂಡೇಪೂಜಿಗೆ ಇಡೀ ಜಿನ್ನಿಗೇ ಹಚ್ಚಸ್ತೀವ್ರಿ," ಎಂದ ಮ್ಯಾನೇಜರ. "ಚಂದ ಕಾಣ್ಲಿ ಅಂತ ಅದಕ್ಕೂ ಎರಡು ಸರ್ತಿ ಹಚ್ಚಿಸೇನಿ."

ವರದಿ ಬರೆದು ಹೋಗಿದ್ದರೆ ನನ್ನ ನೌಕರಿ ಉಳಿಯುತ್ತಿತ್ತು. ಅಷ್ಟಕ್ಕೆ ಬಿಡುವ ಮನಸ್ಸು ನನಗಿರಲಿಲ್ಲ. ಜಿನ್ನಿನ ಮಾಲೀಕರನ್ನು ಕರೆಸಿದೆ, ಆಳುಗಳನ್ನೆಲ್ಲ ನಿಲ್ಲಿಸಿದೆ.

"ಹತ್ರಿ ಏಣಿ," ಎಂದೆ ಮ್ಯಾನೇಜರನಿಗೆ.

"ನನಗ ರೂಢಿ ಇಲ್ರಿ."

"ಪತ್ರ ಬರ್ಯಾಕ ರೂಢಿ ಐತೆಲ್ಲ? ಹತ್ರಿ!"

ಬಿಳಿ ಧೋತರ ಮಸಿಯಾಗುತ್ತ ಹತ್ತಿದ. ಅವನ ಉಗುರಿನಿಂದಲೇ ಬಟ್ಟಲು ಕೆರೆಸಿದೆ.

"ಏನೈತ್ರಿ ಅದು?"

"ಸುಣ್ಣರಿ."

"ಕೇಳವಲ್ದು!"

"ಸುಣ್ಣರೀ! ನಾನ ಹಚ್ಚಿಸೇನ್ರಿ!"

ಏಣಿಯ ಮೇಲಿದ್ದಾಗಲೇ ಮಾಲೀಕರು ಅವನನ್ನು ಕೆಲಸದಿಂದ ತೆಗೆದರು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು. ಅವನು ಇಳಿದು ಮಸಿ ಹತ್ತಿದ ಧೋತರ ಝಾಡಿಸಿಕೊಳ್ಳುತ್ತ ಹೊರಗೆ ಹೋಗುವುದನ್ನು ಕಣ್ತುಂಬ ನೋಡಿದೆ.

ಹೊರಟಾಗ ಗೇಟಿನ ಬಳಿ ಆ ಹೆಣ್ಣುಮಗಳು ನಿಂತಿದ್ದಳು, ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು.

"ಸಾಹೇಬ್ರ, ದೀಪಾವಳಿ ಆದಮ್ಯಾಲ ನೀವು ತಪಾಸಣಿಗೆ ಬಂದಿದ್ರೆಲ್ಲ. ಅವತ್ತ ಏಣಿ ಹತ್ತಿದ್ರಿಲ್ಲೋ?"

ಹತ್ತಿರಲಿಲ್ಲ. ಕೆಳಗೆ ಗಂಟೆ ಪರೀಕ್ಷಿಸುವ ಗುಂಡಿಯನ್ನಷ್ಟೇ ಒತ್ತಿದ್ದೆ, ಗಂಟೆ ಹೊಡೆದಿತ್ತು. ಅದೇ ಮ್ಯಾನೇಜರನ ಜೊತೆ ಚಹಾ ಕುಡಿದು ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಹೋಗಿದ್ದೆ.

"ಹತ್ತಿದ್ನೆವ್ವಾ," ಎಂದೆ.

"ಹಂಗಾರ ಸುಣ್ಣ ಕಾಣಲಿಲ್ಲೇನ್ರಿ?"

ಬಸ್ಸು ಬಂತೆಂದು ಹೇಳಿ ಅಲ್ಲಿಂದ ಕಾಲ್ಕಿತ್ತೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.