ಹೂವಿನ ಹೆಸರೆತ್ತದೆ ಹೊರಡುವವರು

ಕಡಲ ನಡುವಿನ ದ್ವೀಪದಲ್ಲಿ, ಮೌನಾ ಕೆಯಾ ಬೆಟ್ಟದ ನೆತ್ತಿಗೆ ಈಗಷ್ಟೇ ಬಿಸಿಲು ತಾಗಿದೆ. ನೊಹೆಯಾ ಆಂಟಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹತ್ತುತ್ತಾರೆ; ಹಿಂದೆ ನಾನು. ಕರಿಮರಳಿನ ಮೇಲೆ ಹೆಜ್ಜೆಯೂರಿದರೆ ಅಡಿಯ ಬೇರು ನಲುಗುತ್ತದೆ. ಎದುರಿಗೆ ಆಹಿನಾಹಿನಾ, ಮೈತುಂಬ ವಿಭೂತಿ ಧರಿಸಿದಂಥ ಗಿಡ. ಹತ್ತಾರು ವರ್ಷ ತಪಸ್ಸಿಗೆ ಕೂತು, ಒಮ್ಮೆ ಮಾತ್ರ ಆಳೆತ್ತರದ ಹೂಗೊಂಚಲು ಎತ್ತಿ, ಬೀಜ ಉದುರಿಸಿ ಸಾಯುತ್ತದೆ. ಇದು ಆಂಟಿ ಮದುವೆಯ ವರ್ಷ ಗಂಡನೊಡನೆ ನೆಟ್ಟದ್ದು. ಗಂಡ ಈಗಿಲ್ಲ. ಗಿಡವೂ ಒಣಗಿದೆ. ಬೀಜ ಗಟ್ಟಿಯೋ ಟೊಳ್ಳೋ, ಇವತ್ತು ತಿಳಿಯಬೇಕು.

ಈ ಹೂವಿಗೆ ತನ್ನ ಪರಾಗ ತನಗೆ ಸಲ್ಲದು; ಇನ್ನೊಂದು ಗಿಡದ್ದೇ ಬೇಕು. ಈ ಎತ್ತರದಲ್ಲಿ ಜೇನು ವಿರಳ. ಅದರ ಕೆಲಸವನ್ನು ಆಂಟಿ ಕುಂಚ ಹಿಡಿದು ಮಾಡುತ್ತ ಬಂದಿದ್ದಾರೆ. ಈ ಬೇಸಿಗೆ, ಗಿಡಗಳ ಕಾವಲಿಗೆ ಹಾಕಿದ ಬೇಲಿಯೊಳಗೆ ಅರಳಿದ್ದು ಇದೊಂದೇ.

ಇಲ್ಲಿಯವರು ಮೀನಿಗೆ ಹೊರಟಾಗ ಮೀನಿನ ಹೆಸರೆತ್ತುವುದಿಲ್ಲ. ಕೇಳಿಸಿಕೊಂಡ ಮೀನು ದೂರ ಸರಿಯುತ್ತದಂತೆ. "ಸುಮ್ನೆ ಸುತ್ತಾಡಿ ಬರ್ತೀವಿ" ಅನ್ನುತ್ತಾರೆ. ಮೀನುಗಾರನ ಮಗಳಾದ ಆಂಟಿ ಹೂವಿಗೂ ಅದನ್ನೇ ಪಾಲಿಸುತ್ತಾರೆ. ಇಲ್ಲಿಯ ಮಾತಿನಲ್ಲಿ ಮೌನಾ ಎಂದರೆ ಬೆಟ್ಟ. ನಮ್ಮ ಮೌನವೂ ಅದಕ್ಕೆ ದೂರದ ನೆಂಟನಿರಬೇಕು.

ಮೈದುನ ಪಿಲಿಪೋ ಕಾಡುಕುರಿ ಬೇಟೆಗಾರ. ಕುರಿ ಗಿಡ ತಿನ್ನದಂತೆ ಹಾಕಿದ ಬೇಲಿ ತನ್ನ ಬೇಟೆಯ ಜಾಗ ನುಂಗಿತೆಂದು ಅವನಿಗೆ ಸಿಟ್ಟು.

"ಅತ್ತಿಗೆ, ನಿಮ್ಮ ಎಲೆಕೋಸು ಕುರಿ ಸಾರಿಗಾದ್ರೂ ಬರುತ್ತಾ?" ಎಂದು ಈ ಗಿಡವನ್ನು ಹಂಗಿಸಿ ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದ.

"ಮೊದಲು ನಿನ್ನ ಬೇಯಿಸಿ ನೋಡ್ತೀನಿ" ಅನ್ನುತ್ತಿದ್ದರು ಇವರು.

ಹೂ ಬಾಡಲು ಶುರುವಾದಾಗ ಅವನದೇ ಫೋನು. "ಅತ್ತಿಗೆ, ನಾಳೆ ಸುಮ್ನೆ ಸುತ್ತಾಡೋಣ ಬನ್ನಿ. ಹಗ್ಗ ನಾನು ತರ್ತೀನಿ."

"ಯಾಕೆ ಅಂತ ನಾನು ಕೇಳಲಿಲ್ಲ," ಎನ್ನುತ್ತಾರೆ ಆಂಟಿ. "ಕುಂಚ ತೊಳೆದಿಟ್ಕೊಂಡೆ."

ಬೇಲಿಯಾಚೆ, ಕುರಿಯ ಬಾಯಿಗೆಟುಕದ ಕೊರಕಲಿನ ಅಂಚಿನಲ್ಲಿ ಇನ್ನೊಂದು ಗಿಡ ಅರಳಿತ್ತು. ಪಿಲಿಪೋ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಬೆಂಕಿಪೆಟ್ಟಿಗೆಯಲ್ಲಿ ಪರಾಗ ಹಿಡಿದು, ಉಸಿರು ತಾಗಿದರೂ ಹಾರೀತೆಂದು ಮುಖ ತಿರುಗಿಸಿಕೊಂಡೇ ತಂದುಕೊಟ್ಟ. ಆಂಟಿ ಅದನ್ನು ಕುಂಚದಿಂದ ತಮ್ಮ ಹೂವಿಗೆ ಸವರಿದರು.

ಈಗ ಆಂಟಿ, ಬೀಜ ಉದುರದಂತೆ ಗೊಂಚಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಾರೆ. ಒಂದು ಬೀಜವನ್ನು ಉಗುರಿನಲ್ಲಿ ಒತ್ತುತ್ತಾರೆ. ಮತ್ತೊಂದು. ಇನ್ನೊಂದು. ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ.

ಬೇಲಿಯಾಚೆ ನಿಂತ ಪಿಲಿಪೋ ಕೂಗುತ್ತಾನೆ: "ಏನಂತೆ ಎಲೆಕೋಸು?"

"ಮಡಿಲು ತುಂಬಿದೆ ಮಾರಾಯ. ನೀನು ಚಿಕ್ಕಪ್ಪ ಆದೆ."

ಅವನು ಟೋಪಿ ತೆಗೆದು ಅತ್ತ ತಿರುಗಿ ನಿಲ್ಲುತ್ತಾನೆ.

ಇವನ್ನು ಎಲ್ಲಿ ಬಿತ್ತುತ್ತೀರಿ ಎಂದು ಕೇಳಿದರೆ ಆಂಟಿ ತುಟಿಯ ಮೇಲೆ ಬೆರಳಿಡುತ್ತಾರೆ. ಬೀಜದ ಗಂಟನ್ನು ಎದೆಗೊತ್ತಿಕೊಂಡು ಏಳುತ್ತಾರೆ.

"ಬನ್ನಿ, ಸುಮ್ನೆ ಸುತ್ತಾಡಿ ಬರೋಣ."