ಪಕ್ಕಪಕ್ಕದ ಎರಡು ಮೊಳೆ

ತಾಷ್ಕೆಂಟಿನ ನಮ್ಮ ಓಣಿಯಲ್ಲಿ ವಾರನ್ ಟಿಲ್ಮನ್ ಎಂದರೆ ಯಾರಿಗೂ ತಿಳಿಯದು. 'ಸಾನೊಬರ್ ಓಪಾ ಮನೆಯ ಅಮೆರಿಕದವ' ಎನ್ನಬೇಕು. ಓಪಾ ಎಂದರೆ ನಮ್ಮಲ್ಲಿ ಅಕ್ಕ. ರಾಯಭಾರ ಕಚೇರಿಗೆ ಹೊಸದಾಗಿ ಬಂದಾಗ ಅವನು ಓಪಾಳ ಮನೆಯಲ್ಲೇ ಬಾಡಿಗೆಗಿದ್ದ. ಮೂರು ವರ್ಷಕ್ಕೆ ವರ್ಗವಾಯಿತು. ಹೊರಡುವ ದಿನ ಓಪಾ ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಒಂದು ತುಂಡು ಕಚ್ಚಿ ಹೋಗು. ಉಳಿದದ್ದು ಬಂದ್ಮೇಲೆ ತಿನ್ನೋವಂತೆ."

ಅವನು ಕಚ್ಚಿದ ರೊಟ್ಟಿ, ನಮ್ಮ ಪದ್ಧತಿಯಂತೆ, ಗೋಡೆಯ ಮೊಳೆಗೇರಿತು. ಪಕ್ಕದ ಮೊಳೆಯಲ್ಲಿ ಅವಳ ಮಗ ಎರ್ಕಿನ್ ಕಚ್ಚಿಟ್ಟ ರೊಟ್ಟಿ. ವಾರನ್ ಬರುವ ಮೊದಲೇ ಸೋವಿಯತ್ ಸೈನ್ಯದ ಜೊತೆ ಅಫ್ಘಾನಿಸ್ತಾನಕ್ಕೆ ಹೋದವನ ಸುದ್ದಿಯೇ ಇರಲಿಲ್ಲ.

"ನಿಮ್ಮ ಕಚೇರಿಯೋರ್ನ ಕೇಳಿ ನೋಡಪ್ಪಾ" ಎಂದು ಓಪಾ ಅಂಗಲಾಚಿದ್ದಳು. ವಾರನ್ ವಿಚಾರಿಸಿದ್ದ, ಉತ್ತರವೂ ಬಂದಿತ್ತು. ಹುಡುಗ ಗಾಯಗೊಂಡು ನಮ್ಮದೇ ದೇಶದ ಗಡಿಯೂರು ತೆರ್ಮೆಜ್‌ನಲ್ಲಿ ಸತ್ತಿದ್ದ, ಅಲ್ಲೇ ಹೂತಿದ್ದರು. ಆದರೆ ಓಪಾಳ ಮುಖ ನೋಡಿದ್ದೇ ತಡ, ಬಾಯಿಂದ ಹೊರಟದ್ದು ಕಚೇರಿಯ ಮಾತು: "ವಿಚಾರಣೆ ನಡೀತಿದೆ, ಓಪಾ." ಎಂಥ ನಾಲಿಗೆಯಪ್ಪಾ ಅದು!

ಆಮೇಲೆ ನಾಲ್ಕು ದೇಶ ಸುತ್ತಿದ. ನಿವೃತ್ತನಾಗಿ ಒಹಾಯೊದ ಕಾಲೇಜೊಂದರಲ್ಲಿ ಪ್ರೊಫೆಸರಾದ. ಯಾರನ್ನೂ ನೋಯಿಸದೆ ಮಾತಾಡುವುದು ಹೇಗೆಂದು ಕಲಿಸುವ ಪಾಠವಂತೆ! ಪ್ರತಿ ಬೆಳಿಗ್ಗೆ ಅಂಗಡಿಯ ಬ್ರೆಡ್ ತಿನ್ನುವಾಗ ಓಪಾಳ ಅಂಗಳ, ತಂದೂರಿನ ಹೊಗೆ, ಅವಳ ಬೈಗುಳ ನೆನಪಾಗಿ ಜೀವ ಹಂಬಲಿಸುತ್ತಿತ್ತು. ಬರಲು ಮುಖವಿರಲಿಲ್ಲ.

ಇಪ್ಪತ್ತೈದು ವರ್ಷದ ಮೇಲೆ, ತಡೆಯಲಾರದೆ ಬಂದ.

"ಬಂದೆಯಾ ಕಳ್ಳ! ತಲೆ ಬೆಳ್ಳಗಾಗೋವರೆಗೂ ದಾರಿ ಸಿಗಲಿಲ್ವಾ?" ಎಂದು ಓಪಾ ತಬ್ಬಿಕೊಂಡಳು. ಎಂಬತ್ತು ದಾಟಿದ ಕೈಗಳಿಂದ ಅವನ ರೊಟ್ಟಿ ಇಳಿಸಿದಳು. ಕಲ್ಲಾಗಿತ್ತು. ಹಸಿರು ಚಹಾದಲ್ಲಿ ಅದ್ದಿ ಅದ್ದಿ ಅವನು ಪೂರ್ತಿ ತಿಂದ.

ಓಪಾಳ ಕಣ್ಣು ಇನ್ನೊಂದು ಮೊಳೆಯ ಮೇಲೆ ನೆಟ್ಟಿತ್ತು. "ವಾರನ್, ನನ್ನಪ್ಪಾ, ನಿನ್ನ ವಿಚಾರಣೆ ಮುಗೀತಾ?"

ಮಂತ್ರಿಗಳನ್ನೇ ಮಾತಲ್ಲಿ ಮಣಿಸಿದವನು ಚಹಾದ ಬಟ್ಟಲು ಕೆಳಗಿಟ್ಟ. "ಎರ್ಕಿನ್ ಬರಲ್ಲ, ಓಪಾ. ತೆರ್ಮೆಜ್‌ನಲ್ಲಿ ಮಣ್ಣು ಮಾಡಿದಾರೆ. ನಂಗೆ ಆವತ್ತೇ ಗೊತ್ತಿತ್ತು."

"ತೆರ್ಮೆಜಾ? ನಾನು ರೈಲು ಹತ್ತಿದ್ರೆ ಮಾರನೇ ದಿನಕ್ಕೆ ಮುಟ್ತಿದ್ನಲ್ಲೋ!" ಓಪಾ ಅವನ ಭುಜ ಹಿಡಿದು ಅಲುಗಿಸಿದಳು. "ಇಷ್ಟು ವರ್ಷ ಬಾಗಿಲಿಗೆ ಅಗುಳಿ ಹಾಕದೆ ಮಲಗಿದೀನಿ. ಹಾಳಾದವನೇ!"

ಅವನು ತಲೆ ತಗ್ಗಿಸಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ.

ಮರುದಿನ ಓಪಾ ಮಗನ ರೊಟ್ಟಿಯನ್ನು ಶಾಲಿನಲ್ಲಿ ಕಟ್ಟಿಕೊಂಡಳು. ಹೊಸ ರೊಟ್ಟಿಯೊಂದನ್ನು ತಾನೇ ಕಚ್ಚಿ, ಮಗನ ಮೊಳೆಗೆ ಹಾಕಿದಳು. ವಾರನ್ ತನ್ನ ಖಾಲಿ ಮೊಳೆಯನ್ನೇ ನೋಡಿದ.

"ನಂಗೊಂದು, ಓಪಾ?"

"ಮೊದಲು ನನ್ನ ಮಗನ ಹತ್ರ ಕರ್ಕೊಂಡು ಹೋಗು. ಆಮೇಲೆ ನೋಡೋಣ."

ಅವನು ಅವಳ ಚೀಲ ಎತ್ತಿಕೊಂಡು ಹಿಂದೆ ನಡೆದ.